ಶಾಲೆಯ ಹಿತ್ತಲು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ತೋಟವೆಂದೊಡನೆ ಅಡಕೆಯ ತೋಟವೆಂದೇ ಅರ್ಥ. ಕಾಯಿಪಲ್ಯದ ನೆಲಕ್ಕೆ ಹಿತ್ತಲೆಂದು ಹೆಸರು. ಸಂಸ್ಕೃತದ ಶಾಕವಾಟವು ಇದೇ. ಬಸಳೆಯ ಚಪ್ಪರ, ಹರಿವೆಯ ಮಡಿ, ತೊಂಡೆಯ ಬಳ್ಳಿ, ನಾಲ್ಕು ಬಾಳೆ, ಕರೆಯದೆ ಬಂದು ನಿಲ್ಲುವ ಕೆಸು, ಇವಿಷ್ಟಿದ್ದ ಮನೆಯ ಮಕ್ಕಳಿಗೆ ಅನ್ನದೊಡನೆ ಸೊಪ್ಪಿಗೆ ಕೊರತೆಯಿಲ್ಲ. ಆದರೆ ಹಿತ್ತಲಿರಬೇಕಾದರೆ ಮೊದಲು ನೆಲವಿರಬೇಕಷ್ಟೆ.

ಆ ನೆಲವು ಎಲ್ಲರಿಗೂ ಇರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಒಕ್ಕಲುಗಳು ಸತ್ಯಾಗ್ರಹವನ್ನು ಹೂಡಿದರು. ಉಳುವವನಿಗೆ ಒಡೆತನವನ್ನು ತಂದುಕೊಟ್ಟ ಕಾಯಿದೆಯು ಜಾರಿಗೆ ಬಂದುದು 1974ರಲ್ಲಿ. ಈ ನಡುವೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಮುಗಿದು, ಶರಾವತಿಯ ಕಣಿವೆಯ ಗದ್ದೆಗಳೂ ಹಿತ್ತಲುಗಳೂ ನೀರಿನಡಿಯಾದುವು. ಮುಳುಗಡೆಯ ಕುಟುಂಬಗಳು ಕಾಡಿನಂಚಿನಲ್ಲಿ ನೆಲೆನಿಂತು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದುವು. ಇಂತಹ ಮನೆಗಳ ಮಕ್ಕಳು ಗಂಜಿಯನ್ನುಂಡು ಶಾಲೆಗೆ ಬರುತ್ತಿದ್ದರು. ಬಿಳಿಯ ಅಕ್ಕಿಯು ಹೊಟ್ಟೆಯನ್ನು ತುಂಬಬಲ್ಲುದೇ ಹೊರತು ಕಣ್ಣಿಗೆ ಬೇಕಾದ ಜೀವಸತ್ವವನ್ನಾಗಲಿ ರಕ್ತಕ್ಕೆ ಬೇಕಾದಷ್ಟು ಕಬ್ಬಿಣವನ್ನಾಗಲಿ ಕೊಡಲಾರದು.

ಶಾಲೆಯಲ್ಲಿ ತೋಟಮಾಡುವ ವಿಚಾರವು ಹೊಸತಲ್ಲ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕರೆದ ಪರಿಷತ್ತಿನಿಂದ ಹೊರಟ ಮೂಲಶಿಕ್ಷಣದಲ್ಲಿ ನೂಲುವುದರಂತೆ ಕೃಷಿಗೂ ಸ್ಥಾನವಿದ್ದಿತು. ಮುಂದೆ ಪಾಠಪಟ್ಟಿಯಲ್ಲಿ ತೋಟಗಾರಿಕೆಯು ಉಳಿದುಕೊಂಡಿತಾದರೂ ಶಾಲೆಯಲ್ಲಿ ಒಲೆಯಿರಲಿಲ್ಲ. ಒಲೆಯಿಲ್ಲದ ಕಡೆ ಬೆಳೆದ ಬದನೆಯು ಯಾರ ಮನೆಯ ಹುಳಿಗೆ ಸೇರುತ್ತಿದ್ದಿತೆಂಬುದನ್ನು ವಿಚಾರಿಸದಿರುವುದೇ ಮೇಲು. 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರದ ಯೋಜನೆಯಲ್ಲಿಯೂ ಮೊದಮೊದಲು ಬಹುಪಾಲು ರಾಜ್ಯಗಳು ಕೊಟ್ಟುದು ತಿಂಗಳಿಗೆ ಮೂರು ಕಿಲೋಗ್ರಾಂ ಹಸಿ ಧಾನ್ಯವನ್ನೇ. ಬೇಯಿಸಿದ ಊಟವನ್ನೇ ಬಡಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, 2003ರಲ್ಲಿ ಶಿವಮೊಗ್ಗವೂ ಸೇರಿ ಉಳಿದ ಜಿಲ್ಲೆಗಳಿಗೆ ಹಬ್ಬಿತು. ಶಾಲೆಯ ಹಿತ್ತಲಿಗೆ ಅರ್ಥವು ಬಂದುದು ಆಗ.

ವಾಚಕರು ಸ್ವಲ್ಪ ಲೆಕ್ಕವನ್ನು ನೋಡಬೇಕು. ಕಿರಿಯ ತರಗತಿಯ ಮಗುವೊಂದಕ್ಕೆ ದಿನಕ್ಕೆ 50 ಗ್ರಾಂ ತರಕಾರಿಯೆಂಬುದು ಯೋಜನೆಯ ಪ್ರಮಾಣ. ಇನ್ನೂರು ಮಕ್ಕಳ ಪಟ್ಟಣದ ಶಾಲೆಗೆ ಹತ್ತು ಕಿಲೋಗ್ರಾಂ ಬೇಕು. ಅದನ್ನು ಅಂಗಳದಲ್ಲಿ ಬೆಳೆಯುವುದು ಆಗದ ಮಾತು. ಮಲೆನಾಡಿನ ಒಂಟಿ ಹಳ್ಳಿಯ ಇಪ್ಪತ್ತು ಮಕ್ಕಳ ಶಾಲೆಗೆ ಒಂದೇ ಕಿಲೋಗ್ರಾಂ ಸಾಕು. ಒಂದು ಬಸಳೆಯ ಚಪ್ಪರ, ಆರೆಂಟು ಮಡಿ, ಎರಡು ಪಪ್ಪಾಯಿಯ ಮರಗಳಿಂದ ಅದರ ಬಹುಪಾಲನ್ನು ಒದಗಿಸಬಹುದು. ಮಕ್ಕಳ ಸಂಖ್ಯೆ ಸಾಲದೆಂದು ಯಾವ ಶಾಲೆಗಳನ್ನು ಮುಚ್ಚುವ ಅಥವಾ ಕೂಡಿಸುವ ಮಾತು ಪದೇ ಪದೇ ಏಳುವುದೋ, ಹಿತ್ತಲು ಚೆನ್ನಾಗಿ ಸಾಗಬಲ್ಲುದು ಆ ಶಾಲೆಗಳಲ್ಲಿಯೇ. ಇದನ್ನು ಲೆಕ್ಕಕ್ಕೆ ತಂದುಕೊಳ್ಳದಿರುವುದು ವಿಷಾದಕರ.

2019ರಲ್ಲಿ ಕೇಂದ್ರ ಸರ್ಕಾರವು ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿಯನ್ನು ಹೊರಡಿಸಿತು. ಆದರೆ ಇಡೀ ದೇಶಕ್ಕೆಂದು ಬರೆದ ಸೂಚನೆಯು ಆಗುಂಬೆಯ ಮಳೆಯನ್ನು ಅರಿಯದು. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವುದು. ಹೊಸನಗರದ ಹುಲಿಕಲ್ಲಿನಲ್ಲಿಯೂ ಕಡಿಮೆಯಿಲ್ಲ. ಶಾಲೆಯು ತೆರೆಯುವ ಹೊತ್ತಿಗೆ ಮಳೆಯು ಹಿಡಿದು, ಬಿತ್ತಿದ ಹರಿವೆಯು ಕೊಚ್ಚಿಹೋಗುವುದು. ಮಳೆಗಾಲದಲ್ಲಿ ಕೆಸುವನ್ನೂ ಚಪ್ಪರದ ಹೀರೆ ಸೌತೆಗಳನ್ನೂ ನೆಚ್ಚಬೇಕು (ಕೆಸುವಿಗೆ ಹುಣಿಸೆಯು ಸಾಲದಿದ್ದರೆ ಮಕ್ಕಳ ಗಂಟಲು ತುರಿಸುವುದೆಂಬುದನ್ನು ಅಡಿಗೆಯವರಿಗೆ ಹೇಳಿಕೊಡಬೇಕಾಗಿಲ್ಲ). ಹರಿವೆ, ಮೂಲಂಗಿ, ಬೆಂಡೆಗಳ ಕಾಲವು ದೀಪಾವಳಿಯ ಅನಂತರದ್ದು. ಆಗ ಅಕ್ಕಿ ತೊಳೆದ ನೀರನ್ನೂ ತಟ್ಟೆ ತೊಳೆದ ನೀರನ್ನೂ ಮಡಿಗಳಿಗೆ ತಿರುಗಿಸಿದರೆ ಬಾವಿಗೆ ಹೊರೆಯಾಗದು. ನಾಟಿ ಬೀಜಗಳಿಗೂ ದೂರ ಹೋಗಬೇಕಾಗಿಲ್ಲ; ನೆರೆಯ ಸಿರ್ಸಿಯಲ್ಲಿ ವನಸ್ತ್ರೀ ಎಂಬ ಮಹಿಳೆಯರ ಸಂಘವು ಮಲೆನಾಡಿನ ಹಿತ್ತಲಿನ ಬೀಜಗಳನ್ನು ಕಾಪಿಟ್ಟು ಹಂಚುತ್ತ ಬಂದಿದೆ.

ಏಪ್ರಿಲ್, ಮೇ ತಿಂಗಳ ರಜೆಯೇ ದೊಡ್ಡ ತೊಡಕು. ಉಣುಗೋಲನ್ನು ಸರಿಸಿ ನುಗ್ಗುವ ದನಗಳು, ಮರದಿಂದಿಳಿಯುವ ಮಂಗಗಳು, ನೀರೆರೆಯುವವರಿಲ್ಲದ ಬಿಸಿಲು, ಇವುಗಳಿಂದ ವರ್ಷದ ದುಡಿಮೆಯು ಎರಡು ತಿಂಗಳಲ್ಲಿ ಹಾಳಾಗುವುದು. ಇದಕ್ಕಾಗಿ ರಜೆಗೆ ಮೊದಲೇ ಬಸಳೆಯ ಬಳ್ಳಿಯನ್ನು ತುಂಡರಿಸಿ ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸಬಹುದು. ಗುಡಿಸಲಿನ ಬಚ್ಚಲ ನೀರು ಹರಿಯುವೆಡೆಯಲ್ಲಿ ಒಂದು ಗೇಣು ನೆಲವಿದ್ದರೂ ಅದು ಹಬ್ಬುವುದು. ಜೂನ್ ತಿಂಗಳಲ್ಲಿ ಅಲ್ಲಿಂದಲೇ ಶಾಲೆಗೆ ಮರಳಿ ಬರುವುದು.