ಕಣ್ಣಿನ ಆರೈಕೆ

ಕಣ್ಣಿನ ಆರೈಕೆ ಎಂದರೆ ದೃಷ್ಟಿಯನ್ನು ಕಾಪಾಡಿಕೊಳ್ಳಲು ದಿನನಿತ್ಯ ಅನುಸರಿಸುವ ಶುಚಿತ್ವ, ಆಹಾರ, ಗಾಯದಿಂದ ರಕ್ಷಣೆ ಮತ್ತು ನಿಯತ ತಪಾಸಣೆಯ ಕ್ರಮಗಳು. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷವಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ದೋಷವು ತಡೆಯಬಹುದಾಗಿದ್ದದ್ದು ಅಥವಾ ಇನ್ನೂ ಚಿಕಿತ್ಸೆ ದೊರೆಯದೆ ಉಳಿದಿರುವಂಥದ್ದು. ವಯಸ್ಸಿನೊಂದಿಗೆ ಬರುವ ಪೊರೆಯನ್ನು ಅಭ್ಯಾಸಗಳಿಂದ ಪೂರ್ಣವಾಗಿ ತಡೆಯಲಾಗದು. ಆದರೆ ಗಾಯ, ಸೋಂಕು ಮತ್ತು ಪೋಷಕಾಂಶಗಳ ಕೊರತೆಯಿಂದ ಬರುವ ಕುರುಡನ್ನು ಬಹುಮಟ್ಟಿಗೆ ತಡೆಯಬಹುದು. ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಂಥ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ಹೊಲದ ಕೆಲಸದ ವೇಳೆ ಕಣ್ಣನ್ನು ಕಾಪಾಡಿಕೊಳ್ಳುವುದು ಈ ಆರೈಕೆಯ ಮುಖ್ಯ ಭಾಗವಾಗಿದೆ.

ಕಣ್ಣಿನ ಸಹಜ ರಕ್ಷಣೆ

ರೆಪ್ಪೆ, ರೆಪ್ಪೆಗೂದಲು ಮತ್ತು ಕಣ್ಣೀರು ಕಣ್ಣಿನ ಸಹಜ ರಕ್ಷಕಗಳು. ಪ್ರತಿ ಬಾರಿ ಮಿಟುಕಿಸಿದಾಗಲೂ ಕಣ್ಣೀರಿನ ತೆಳುಪದರ ಕಣ್ಣಿನ ಮೇಲೆ ಹರಡಿ ಧೂಳನ್ನು ತೊಳೆಯುತ್ತದೆ. ಅದರಲ್ಲಿರುವ ಲೈಸೋಜೈಮ್ ಎಂಬ ಕಿಣ್ವ ಬ್ಯಾಕ್ಟೀರಿಯಾಗಳನ್ನು ನಾಶಪಡಿಸುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಮಧ್ಯದಲ್ಲಿ ಸುಮಾರು ಅರ್ಧ ಮಿಲಿಮೀಟರಿನಷ್ಟು ಮಾತ್ರ ದಪ್ಪವಿದೆ. ಇದರ ಮೇಲ್ಪದರ ಹರಿದಾಗ ರೋಗಾಣುಗಳು ಒಳಸೇರಲು ದಾರಿಯಾಗುತ್ತದೆ. ಹುಣ್ಣು ಆಳವಾಗಿ ಮಾಗಿದರೆ ಬಿಳಿಯ ಕಲೆ ಉಳಿದು ನೋಟಕ್ಕೆ ಅಡ್ಡಿಯಾಗುತ್ತದೆ. ಇದನ್ನೇ ಆಡುಮಾತಿನಲ್ಲಿ ‘ಕಣ್ಣಿನಲ್ಲಿ ಹೂ ಬೀಳುವುದು’ ಎನ್ನುತ್ತಾರೆ.

ಶುಚಿತ್ವ

ಕೈಯನ್ನು ಸಾಬೂನಿನಿಂದ ತೊಳೆಯದೆ ಕಣ್ಣು ಮುಟ್ಟಬಾರದು. ಮುಖ ಒರೆಸುವ ಟವೆಲ್, ಕರವಸ್ತ್ರ ಮತ್ತು ಕಾಡಿಗೆಯನ್ನು ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಬಳಸುವುದು ಸೋಂಕು ಹರಡಲು ಕಾರಣವಾಗುತ್ತದೆ. ‘ಮದ್ರಾಸ್ ಐ’ ಎಂದು ಹೆಸರಾದ ಕಣ್ಣುಬೇನೆ ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ. 2023ರ ಮಳೆಗಾಲದಲ್ಲಿ ಇದು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ವ್ಯಾಪಕವಾಗಿತ್ತು. ಈ ಬೇನೆ ಬಂದವರನ್ನು ನೋಡಿದ ಮಾತ್ರಕ್ಕೆ ಅದು ಅಂಟುವುದಿಲ್ಲ. ಕಣ್ಣಿನ ಸ್ರಾವ ತಗುಲಿದ ಕೈ ಮತ್ತು ವಸ್ತುಗಳ ಮೂಲಕ ಅಂಟುತ್ತದೆ. ಆದ್ದರಿಂದ ಕಪ್ಪು ಕನ್ನಡಕಕ್ಕಿಂತ ಕೈ ತೊಳೆಯುವುದೇ ಹೆಚ್ಚು ರಕ್ಷಣೆ ನೀಡುತ್ತದೆ.

ಹೊಲದ ಕೆಲಸ ಮತ್ತು ಕಣ್ಣಿನ ಗಾಯ

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮತ್ತು ಹಗರಿಬೊಮ್ಮನಹಳ್ಳಿ ಭಾಗದಲ್ಲಿ ಜೋಳ, ಮೆಕ್ಕೆಜೋಳ, ಸೂರ್ಯಕಾಂತಿ, ಶೇಂಗಾ ಮೊದಲಾದ ಬೆಳೆಗಳಿವೆ. ಕಟಾವು ಮಾಡುವಾಗ ಗರಿಯ ಅಂಚು ತಾಗುವುದು, ರಾಶಿ ಮಾಡುವಾಗ ಹೊಟ್ಟು ಅಥವಾ ಕಾಳು ಸಿಡಿಯುವುದು, ಜಾಲಿ ಮುಳ್ಳು ಚುಚ್ಚುವುದು ಇಂಥ ಕೆಲಸಗಳಲ್ಲಿ ಸಂಭವಿಸಬಹುದಾದ ಗಾಯಗಳು. ಸಸ್ಯಮೂಲದ ಗಾಯಗಳಲ್ಲಿ ಶಿಲೀಂಧ್ರ ಸೋಂಕಿನ ಅಪಾಯ ಹೆಚ್ಚು. ಈ ಸೋಂಕು ನಿಧಾನವಾಗಿ ಬೆಳೆದು ಕಾರ್ನಿಯಾವನ್ನು ಹಾಳುಮಾಡುತ್ತದೆ.

ಸಾದಾ ಪ್ಲಾಸ್ಟಿಕ್ ರಕ್ಷಣಾ ಕನ್ನಡಕ ಇಂಥ ಬಹುಪಾಲು ಗಾಯಗಳನ್ನು ತಡೆಯುತ್ತದೆ. ಕೀಟನಾಶಕವನ್ನು ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಕಣ್ಣಿಗೆ ಕಸ ಬಿದ್ದಾಗ ಉಜ್ಜದೆ ಶುದ್ಧ ನೀರಿನಿಂದ ತೊಳೆಯಬೇಕು. ಆಮೇಲೂ ನೋವು, ಕೆಂಪು, ಬೆಳಕು ನೋಡಲಾಗದಿರುವುದು ಅಥವಾ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡುಬಂದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಚೂಪಾದ ವಸ್ತು ಕಣ್ಣಿನಲ್ಲಿ ನಾಟಿದ್ದರೆ ಅದನ್ನು ಕೀಳದೆ, ಕಣ್ಣನ್ನು ಒತ್ತದೆ ಆಸ್ಪತ್ರೆಗೆ ಸಾಗಿಸಬೇಕು.

ಹರಳೆಣ್ಣೆ, ಎದೆಹಾಲು ಅಥವಾ ಸೊಪ್ಪಿನ ರಸ ಹಾಕುವುದು, ನಾಲಿಗೆಯಿಂದ ಕಸ ತೆಗೆಸುವುದು ಗ್ರಾಮೀಣ ಪ್ರದೇಶಗಳಲ್ಲಿ ರೂಢಿಯಲ್ಲಿರುವ ಪದ್ಧತಿಗಳು. ಇವು ಗಾಯಕ್ಕೆ ರೋಗಾಣುಗಳನ್ನು ಸೇರಿಸುವುದಲ್ಲದೆ ಚಿಕಿತ್ಸೆಯನ್ನು ತಡಮಾಡುತ್ತವೆ. ವೈದ್ಯರ ಚೀಟಿಯಿಲ್ಲದೆ ಔಷಧ ಅಂಗಡಿಯಿಂದ ತಂದ ಸ್ಟಿರಾಯ್ಡ್ ಹನಿಯೂ ಅಷ್ಟೇ ಅಪಾಯಕಾರಿ. ಅದು ಕೆಂಪನ್ನು ತಾತ್ಕಾಲಿಕವಾಗಿ ಇಳಿಸಿ ಗುಣವಾದಂತೆ ತೋರಿಸುತ್ತದೆ, ಆದರೆ ಒಳಗಿನ ಶಿಲೀಂಧ್ರ ಸೋಂಕನ್ನು ಉಲ್ಬಣಗೊಳಿಸುತ್ತದೆ. ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವು, ಕಾರ್ನಿಯಾ ತರಚಿದ ಕೂಡಲೇ ಆ್ಯಂಟಿಬಯಾಟಿಕ್ ಮುಲಾಮಿನ ಚಿಕಿತ್ಸೆ ದೊರೆತರೆ ಬಹುಪಾಲು ಗಾಯಗಳು ಹುಣ್ಣಾಗದೆ ಮಾಗುತ್ತವೆ ಎಂದು ತೋರಿಸಿತು.

ಎಲೆ-ಅಡಿಕೆಗೆ ಬಳಸುವ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿಯುವುದು ತುರ್ತು ಪರಿಸ್ಥಿತಿ. ಸುಣ್ಣವು ಕ್ಷಾರವಾದ್ದರಿಂದ ಕಣ್ಣಿನ ಆಳಕ್ಕೆ ಇಳಿಯುತ್ತ ಹೋಗುತ್ತದೆ. ರೆಪ್ಪೆಯನ್ನು ಬಿಡಿಸಿ ಹಿಡಿದು 15ರಿಂದ 30 ನಿಮಿಷ ನೀರು ಸುರಿಯುತ್ತಿರಬೇಕು. ತೊಳೆದ ಬಳಿಕವೇ ಆಸ್ಪತ್ರೆಗೆ ಹೊರಡಬೇಕು.

ಆಹಾರ

ವಿಟಮಿನ್ ‘ಎ’ ಕೊರತೆಯ ಮೊದಲ ಲಕ್ಷಣ ಇರುಳುಗುರುಡು. ಕೊರತೆ ತೀವ್ರವಾದರೆ ಕಾರ್ನಿಯಾ ಒಣಗಿ ಮೆತ್ತಗಾಗಿ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಜೋಳದ ರೊಟ್ಟಿಯಿಂದ ಮಾತ್ರ ಸಾಕಷ್ಟು ವಿಟಮಿನ್ ‘ಎ’ ದೊರೆಯದು. ರೊಟ್ಟಿಯ ಜೊತೆಗೆ ತಿನ್ನುವ ಪುಂಡಿ, ಮೆಂತ್ಯ, ರಾಜಗಿರಿ, ನುಗ್ಗೆ ಮುಂತಾದ ಸೊಪ್ಪಿನ ಪಲ್ಯಗಳು ಹಾಗೂ ಗಜ್ಜರಿ, ಕುಂಬಳ, ಪಪ್ಪಾಯಿ, ಮಾವು ಆ ಕೊರತೆಯನ್ನು ತುಂಬುತ್ತವೆ. ಇವುಗಳಲ್ಲಿರುವ ಕ್ಯಾರೋಟಿನ್ ಎಣ್ಣೆಯ ಅಂಶವಿದ್ದಾಗ ಚೆನ್ನಾಗಿ ಹೀರಲ್ಪಡುವುದರಿಂದ ಒಗ್ಗರಣೆ ಅಥವಾ ಶೇಂಗಾ ಪುಡಿ ಸಹಾಯಕ. ಹಾಲು ಮತ್ತು ಮೊಟ್ಟೆಯ ಹಳದಿಯಲ್ಲಿ ವಿಟಮಿನ್ ನೇರವಾಗಿಯೇ ಇದೆ. ಭಾರತದಲ್ಲಿ 1970ರಲ್ಲಿ ಆರಂಭವಾದ ಕಾರ್ಯಕ್ರಮದಡಿ ಮಕ್ಕಳಿಗೆ 9ನೇ ತಿಂಗಳಿನಿಂದ 5 ವರ್ಷದವರೆಗೆ ಒಟ್ಟು 9 ವರಸೆ ವಿಟಮಿನ್ ‘ಎ’ ದ್ರಾವಣ ನೀಡಲಾಗುತ್ತದೆ.

ಓದು, ಪರದೆ ಮತ್ತು ಮಕ್ಕಳ ದೃಷ್ಟಿ

ಮೊಬೈಲ್ ಅಥವಾ ಕಂಪ್ಯೂಟರ್ ನೋಡುವಾಗ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ ಸುಮಾರು 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಸಾಮಾನ್ಯ ಸಲಹೆ. ಮಂದ ಬೆಳಕಿನ ಓದು ಕಣ್ಣನ್ನು ದಣಿಸುತ್ತದೆಯೇ ಹೊರತು ಕುರುಡು ತರುವುದಿಲ್ಲ. ಮಕ್ಕಳು ದಿನಕ್ಕೆ ಎರಡು ಗಂಟೆ ಬಯಲಿನಲ್ಲಿ ಆಡಿದರೆ ಸಮೀಪದೃಷ್ಟಿ ಬರುವ ಸಂಭವ ಕಡಿಮೆಯಾಗುತ್ತದೆ. ಕರಿಹಲಗೆ ಕಾಣದ ಮಗು ಅದನ್ನು ಹೇಳಿಕೊಳ್ಳದಿರಬಹುದು. ಓದಿನಲ್ಲಿ ಹಿಂದುಳಿದ ಮಗುವಿನ ದೃಷ್ಟಿಯನ್ನು ಮೊದಲು ಪರೀಕ್ಷಿಸಬೇಕು.

ತಪಾಸಣೆ

ಗ್ಲಾಕೋಮಾದ ಸಾಮಾನ್ಯ ಬಗೆ ನೋವಿಲ್ಲದೆ ದೃಷ್ಟಿಯ ಅಂಚನ್ನು ಕಸಿಯುತ್ತದೆ ಮತ್ತು ಹೋದ ದೃಷ್ಟಿ ಮರಳುವುದಿಲ್ಲ. ಆದ್ದರಿಂದ 40 ವರ್ಷ ದಾಟಿದವರು ನಿಯತವಾಗಿ, ಮಧುಮೇಹಿಗಳು ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳಬೇಕು. ಪೊರೆಯನ್ನು ಯಾವ ಹನಿಯೂ ಕರಗಿಸದು. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆದು ಕೃತಕ ಮಸೂರ ಅಳವಡಿಸಲಾಗುತ್ತದೆ. ಧೂಮಪಾನ ಮತ್ತು ತೀಕ್ಷ್ಣ ಬಿಸಿಲು ಪೊರೆಯ ಸಂಭವವನ್ನು ಹೆಚ್ಚಿಸುತ್ತವೆ.

ಕರ್ನಾಟಕದಲ್ಲಿ ನೇತ್ರ ಚಿಕಿತ್ಸೆ

ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆ 1896ರಲ್ಲಿ ಆರಂಭವಾಯಿತು. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿ (1916–2005) ಊರೂರುಗಳಲ್ಲಿ ಉಚಿತ ಶಿಬಿರ ನಡೆಸಿ ಪೊರೆಯ ಶಸ್ತ್ರಚಿಕಿತ್ಸೆಯನ್ನು ಹಳ್ಳಿಗಳ ಬಾಗಿಲಿಗೆ ತಂದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದರು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು.

ಕಾರ್ನಿಯಾದ ಕಲೆಯಿಂದ ದೃಷ್ಟಿ ಕಳೆದುಕೊಂಡ ಅನೇಕರಿಗೆ ಕಸಿ ಶಸ್ತ್ರಚಿಕಿತ್ಸೆ ಉಳಿದ ದಾರಿಯಾಗಿದ್ದು, ಅದು ನೇತ್ರದಾನವನ್ನು ಅವಲಂಬಿಸಿದೆ. ಮರಣದ ನಂತರ ಸುಮಾರು 6 ಗಂಟೆಯೊಳಗೆ ಕಣ್ಣುಗಳನ್ನು ಪಡೆಯಬೇಕಾಗುತ್ತದೆ. ನಟ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು 2006ರಲ್ಲಿ, ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು 2021ರಲ್ಲಿ ದಾನ ಮಾಡಲಾಯಿತು. ಪ್ರತಿ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ರಾಷ್ಟ್ರೀಯ ನೇತ್ರದಾನ ಪಾಕ್ಷಿಕವನ್ನು ಆಚರಿಸಲಾಗುತ್ತದೆ.