ಅನ್ಯೋನ್ಯತೆ: ಇಬ್ಬರಿಂದ ಒಂದು ಸಭೆಯವರೆಗೆ

ಕನ್ನಡದ ದಿನಬಳಕೆಯಲ್ಲಿ ‘ಅನ್ಯೋನ್ಯ’ ಹೆಚ್ಚಾಗಿ ಮನೆಯೊಳಗಿನ ಪದ. ಗಂಡಹೆಂಡಿರೋ ಅಣ್ಣತಮ್ಮಂದಿರೋ ಅನ್ಯೋನ್ಯವಾಗಿದ್ದಾರೆ ಎನ್ನುವಾಗ, ಅವರ ನಡುವೆ ಮುನಿಸೂ ಮುಚ್ಚುಮರೆಯೂ ಇಲ್ಲವೆಂಬುದು ಅದರ ತಾತ್ಪರ್ಯ. ಸಂಸ್ಕೃತದ ‘ಅನ್ಯ’ ಶಬ್ದವೇ ಇಮ್ಮಡಿಯಾಗಿ ಆದ ಈ ಪದಕ್ಕೆ ಒಬ್ಬರು ಇನ್ನೊಬ್ಬರಿಗೆ ಎಂಬುದು ಮೂಲಾರ್ಥ. ಎರಡು ವಸ್ತುಗಳು ಒಂದರಿಂದೊಂದು ಶೋಭೆ ಪಡೆಯುವುದನ್ನು ಅಲಂಕಾರಶಾಸ್ತ್ರವು ‘ಅನ್ಯೋನ್ಯಾಲಂಕಾರ’ವೆಂದು ಕರೆದರೆ, ಎರಡು ಮಾತುಗಳು ಸಿದ್ಧಿಗಾಗಿ ಒಂದನ್ನೊಂದು ಆತುಕೊಳ್ಳುವುದನ್ನು ತರ್ಕಶಾಸ್ತ್ರವು ‘ಅನ್ಯೋನ್ಯಾಶ್ರಯ’ವೆಂಬ ದೋಷವಾಗಿ ಎಣಿಸುತ್ತದೆ.

ತರ್ಕದಲ್ಲಿ ದೋಷವಾದ ಈ ಪರಸ್ಪರ ಆಶ್ರಯವೇ ಕ್ರೈಸ್ತ ಕನ್ನಡದಲ್ಲಿ ಧರ್ಮವಾಗಿದೆ. ಯೆರೂಸಲೇಮಿನ ಮೊದಲ ವಿಶ್ವಾಸಿಗಳು ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು ಮತ್ತು ಪ್ರಾರ್ಥನೆ ಈ ನಾಲ್ಕರಲ್ಲಿ ನಿರತರಾಗಿದ್ದರೆಂದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ ಎರಡನೆಯ ಅಧ್ಯಾಯವು ಹೇಳುತ್ತದೆ. ಅಲ್ಲಿನ ಗ್ರೀಕ್ ಪದ ‘ಕೊಯ್ನೋನಿಯ’ವು ‘ಎಲ್ಲರಿಗೂ ಸೇರಿದ್ದು’ ಎಂಬರ್ಥದ ‘ಕೊಯ್ನೋಸ್’ನಿಂದ ಬಂದುದರಿಂದ, ಅದರಲ್ಲಿ ಒಲವಿನಷ್ಟೇ ಪಾಲುದಾರಿಕೆಯೂ ಅಡಗಿದೆ. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಅಖಾಯ ಪ್ರಾಂತಗಳ ಸಭೆಗಳು ಕೂಡಿಸಿದ ಹಣಕ್ಕೂ ಅಪೊಸ್ತಲ ಪೌಲನು ಇದೇ ಪದವನ್ನು ಬಳಸಿದ್ದಾನೆ. ಆರಾಧನೆಯ ಕೊನೆಯಲ್ಲಿ ಸಭಾಪಾಲಕರು ಕೈಯೆತ್ತಿ ನುಡಿಯುವ ಆಶೀರ್ವಾದದಲ್ಲಿ ಕೃಪೆ ಮತ್ತು ಪ್ರೀತಿಯ ಬಳಿಕ ‘ಪವಿತ್ರಾತ್ಮನ ಅನ್ಯೋನ್ಯತೆ’ ಬರುವುದರಿಂದ, ಈ ಪದವು ಕ್ರೈಸ್ತ ಮನೆಯ ಮಕ್ಕಳಿಗೂ ಬಾಯಿಪಾಠವಾಗಿರುತ್ತದೆ.

ಪದದ ಅರ್ಥವು ಕೈಗೆ ತಾಗುವಂತಹ ಒಂದು ಕ್ಷಣವೂ ಆರಾಧನೆಯಲ್ಲಿದೆ. 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಕೂಡಿ ರೂಪುಗೊಂಡ ದಕ್ಷಿಣ ಭಾರತ ಸಭೆಯು 1950ರಲ್ಲಿ ಸಿದ್ಧಪಡಿಸಿದ ಕರ್ತನ ಭೋಜನದ ಆರಾಧನಾಕ್ರಮದಲ್ಲಿ, ಸಿರಿಯನ್ ಕ್ರೈಸ್ತರ ಪದ್ಧತಿಯಂತೆ, ‘ಸಮಾಧಾನ’ದ ಹಾರೈಕೆಯು ಕೈಯಿಂದ ಕೈಗೆ ಸಾಗುತ್ತದೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ. ಇಬ್ಬರೂ ತಮ್ಮ ಎಡಗೈಯನ್ನು ಇನ್ನೊಬ್ಬರ ಬಲಗೈಯ ಮೇಲೆ ಮುಚ್ಚುತ್ತಾರೆ. ಪಡೆದವರು ಅದನ್ನು ಪಕ್ಕದವರಿಗೆ ದಾಟಿಸುವುದರಿಂದ, ಪಕ್ಕದಲ್ಲಿ ಯಾರಿರಬೇಕೆಂದು ಆಯ್ದುಕೊಳ್ಳುವ ಅವಕಾಶ ಯಾರಿಗೂ ಉಳಿಯುವುದಿಲ್ಲ.

ಈ ಆಯ್ಕೆಯಿಲ್ಲದಿರುವಿಕೆಯೇ ಪದದ ನಿಜವಾದ ವಿಸ್ತಾರ. ಮನೆಯ ಅನ್ಯೋನ್ಯತೆಗೆ ರಕ್ತದ ಅಥವಾ ಮದುವೆಯ ನಂಟು ಆಧಾರವಾದರೆ, ಸಭೆಯ ಅನ್ಯೋನ್ಯತೆಗೆ ಅಂತಹ ಆಧಾರವಿಲ್ಲ. ಬೆಳೆ ಹಬ್ಬದ ದಿನ ಒಬ್ಬರು ತಂದ ಕುಂಬಳವನ್ನೋ ತೆಂಗಿನಕಾಯಿಯನ್ನೋ ಇನ್ನೊಬ್ಬರು ಏಲಮಿನಲ್ಲಿ ಕೊಂಡು, ಆ ಹಣವು ಸಭೆಯ ಕೆಲಸಕ್ಕೆ ಸಲ್ಲುವಾಗ, ಬಳಿಕ ಎಲ್ಲರೂ ಒಟ್ಟಿಗೆ ಪ್ರೀತಿಭೋಜನಕ್ಕೆ ಕೂಡುವಾಗ, ಪಂಕ್ತಿಭೇದವನ್ನು ಕಂಡ ನಾಡಿನಲ್ಲಿ ಅನ್ಯೋನ್ಯತೆಯೆಂಬ ದೊಡ್ಡ ಮಾತು ಸದ್ದಿಲ್ಲದೆ ಆಚರಣೆಗೆ ಬರುತ್ತದೆ. ಈ ಆಚರಣೆ ತಾನಾಗಿ ನಡೆದುಬರುವುದಲ್ಲವೆಂದು ಮೊದಲ ಶತಮಾನದ ಕೊರಿಂಥದ ಸಭೆಯೇ ಎಚ್ಚರಿಸುತ್ತದೆ. ಅಲ್ಲಿ ಕೆಲವರು ಮೊದಲೇ ಉಂಡು ತಣಿದು ಬಡವರು ಹಸಿದು ಕುಳಿತಿದ್ದಾಗ, ಇದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಖಂಡಿಸಿದ್ದನು.

ಅನ್ಯೋನ್ಯತೆಗೆ ಒಲವಿನೊಡನೆ ಪಾಲುದಾರಿಕೆಯೂ ಬೇಕೆಂಬುದನ್ನು ಕರಾವಳಿಯ ಇತಿಹಾಸವೂ ಸಮರ್ಥಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಿಂದ ದೀಕ್ಷಾಸ್ನಾನ ಪಡೆದ ಅನೇಕರು ಜಾತಿಯನ್ನೂ ಅದರೊಡನೆ ಕಸುಬನ್ನೂ ಕಳೆದುಕೊಂಡಾಗ, ಒಟ್ಟಿಗೆ ಹಾಡುವುದಷ್ಟೇ ಸಾಲದೆ ಅವರಿಗೆ ಅನ್ನದ ದಾರಿಯೂ ಬೇಕಾಯಿತು. ನೇಯ್ಗೆಯ ಕಾರ್ಖಾನೆಯೂ 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯೂ ಆ ಅಗತ್ಯದಿಂದ ಬೆಳೆದವು. ಆದ್ದರಿಂದ ಬೆಳೆ ಹಬ್ಬದಂತಹ ಅನ್ಯೋನ್ಯತೆಯ ದಿನವೊಂದು ಹೆಸರಿಗೆ ತಕ್ಕಂತಿತ್ತೇ ಎಂಬುದನ್ನು ಅಂದು ಕೂಡಿದವರ ಸಂತೋಷಕ್ಕಿಂತ ಅವರಲ್ಲಿ ಅತ್ಯಂತ ಬಡವನ ಮರುದಿನದಿಂದ ಅಳೆಯುವುದೇ ಈ ಪದಕ್ಕೆ ಸಲ್ಲುವ ನ್ಯಾಯ.