ಕೆರೆಯಂಗಳದ ಕಾಲ್ಚೆಂಡು

ಬೆಂಗಳೂರಿನ ಆಟದ ಮೈದಾನಗಳ ಚರಿತ್ರೆ ಶುರುವಾಗುವುದು ನೀರಿನಿಂದ. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯಿದ್ದ ಜಾಗ. 1890ರ ದಶಕದಲ್ಲಿ ಹೆಸರಘಟ್ಟದ ಕೊಳವೆ ನೀರು ಬಂದ ಮೇಲೆ ಊರೊಳಗಿನ ಕೆರೆಗಳು ಯಾರಿಗೂ ಬೇಡವಾದವು. ಸಂಪಂಗಿ ಕೆರೆಯಲ್ಲಿ ಈಗ ಉಳಿದಿರುವುದು ಕರಗದ ಪೂಜೆಗೆಂದು ಬಿಟ್ಟ ಸಣ್ಣ ಹೊಂಡ ಮಾತ್ರ.

ನಮ್ಮ ಹಾವೇರಿ ಸೀಮೆಯಲ್ಲಿ ಆಟವೆಂದರೆ ಕುಸ್ತಿ, ಕಬಡ್ಡಿ, ದೀಪಾವಳಿಯ ಹೋರಿ ಬೆದರಿಸುವ ಸ್ಪರ್ಧೆ. ಕರ್ಜಗಿಯಲ್ಲಿ ಫುಟ್‌ಬಾಲ್ ಎಂದರೆ ದೂರದ ಮಾತು. ಬೆಂಗಳೂರಿಗೆ ಅದನ್ನು ತಂದವರು ದಂಡಿನ ಬಿಳಿಯ ಸೈನಿಕರು. ಅವರ ಆಟವನ್ನು ನಿಂತು ನೋಡಿ ಕಲಿತವರು ದಂಡು ಪ್ರದೇಶದ ಬಡ ಮುಸ್ಲಿಮರು, ತಮಿಳು ಕೂಲಿಕಾರರ ಮಕ್ಕಳು. ಬೂಟು ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಬರಿಗಾಲಲ್ಲೇ ಆಡಿದರು.

ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದದ್ದು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದು ಬ್ರಿಟಿಷ್ ಪಡೆಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋತದ್ದು ಕಲ್ಕತ್ತದ ಮಹಮ್ಮದನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ 1946-47ರಲ್ಲೂ 1952-53ರಲ್ಲೂ ಬಂಗಾಳವನ್ನು ಬೆಂಗಳೂರಿನ ನೆಲದಲ್ಲೇ ಸೋಲಿಸಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಆಡಿದರು. ಆದರೆ ಹೊಟ್ಟೆಪಾಡು? ರಾಮನ್ ಮೋಹನ್ ಬಗಾನ್‌ಗೆ, ಅಹ್ಮದ್ ಖಾನ್ ಈಸ್ಟ್ ಬೆಂಗಾಲ್‌ಗೆ, ಅಂದರೆ ಇಬ್ಬರೂ ಕಲ್ಕತ್ತಕ್ಕೆ ಹೋಗಬೇಕಾಯಿತು.

ಊರಲ್ಲಿ ಉಳಿದವರಿಗೆ ಆಸರೆಯಾದದ್ದು ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು. ಆಟಗಾರನಿಗೆ ನೌಕರಿ, ಸಂಜೆ ಅಭ್ಯಾಸ, ತಿಂಗಳ ಸಂಬಳ. ಸಾರ್ವಜನಿಕ ಉದ್ದಿಮೆಗಳು ಸೊರಗಿದಂತೆ ಆ ಬಾಗಿಲೂ ಕಿರಿದಾಯಿತು. ಎಚ್‌ಎಎಲ್ ತಂಡ ಐ-ಲೀಗ್‌ನಲ್ಲಿ ಎರಡು ಋತು ಆಡಿ 2012ರಲ್ಲಿ ಹೊರಬಿತ್ತು.

2013ರಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆ ಬೆಂಗಳೂರು ಎಫ್‌ಸಿ ಕಟ್ಟಿತು. ಅಶೋಕನಗರದ ಕೃತಕ ಹುಲ್ಲಿನ ಮೇಲೆ ಆಡಿ ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ ನಂತರ ಕಂಠೀರವಕ್ಕೆ ಹೋಯಿತು. ಅಲ್ಲಿ ಅಂಗಣದ ಸುತ್ತ ಓಟದ ಟ್ರ್ಯಾಕ್ ಇದೆ. ಮೈದಾನ ಯಾರಿಗೆ ಸೇರಬೇಕೆಂದು ಓಟಗಾರರಿಗೂ ಕ್ಲಬ್ಬಿಗೂ ಜಗಳವಾಯಿತು. ಇಬ್ಬರಲ್ಲಿ ಯಾರೂ ಕೆರೆಯನ್ನು ನೆನೆಯಲಿಲ್ಲ ಅನ್ನಿ.

ನಾಡಿನ ಕೀರ್ತಿಯ ಲೆಕ್ಕ ಹಾಕುವಾಗ ನಾವು ಕ್ರಿಕೆಟ್ಟಿಗರನ್ನು ಸಾಲಾಗಿ ಎಣಿಸುತ್ತೇವೆ. ಬೆಂಗಳೂರು ಮುಸ್ಲಿಮ್ಸ್ ಹೆಸರು ನಾಲಗೆಗೆ ಬರುವುದಿಲ್ಲ. ಆ ಹುಡುಗರ ಮನೆಮಾತು ಉರ್ದು, ತಮಿಳು ಆಗಿದ್ದುದೇ ಇದಕ್ಕೆ ಕಾರಣವೆಂದು ನನಗನ್ನಿಸುತ್ತದೆ. ಅವರು ಗೆದ್ದದ್ದು ಈ ನೆಲದ ಹೆಸರಿನಲ್ಲಿಯೇ ಅಲ್ಲವೆ? ಇಂದಿಗೂ ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಬ್ರೆಜಿಲ್‌ನ ಬಡವರ ಮಗನನ್ನು ಆ ಗಲ್ಲಿಯವರು ತಮ್ಮವನೆಂದುಕೊಂಡಿದ್ದಾರೆ.

1968-69ರಲ್ಲಿ ಬೆಂಗಳೂರಿನಲ್ಲೇ ಬಂಗಾಳವನ್ನು ಮಣಿಸಿದ ಮೇಲೆ ಸಂತೋಷ್ ಟ್ರೋಫಿ ನಮ್ಮ ಕಡೆ ಸುಳಿಯಲಿಲ್ಲ. 2023ರ ಮಾರ್ಚ್ 4ರಂದು ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಅದನ್ನು ಎತ್ತಿತು. ಆ ಪಂದ್ಯ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ.